ಹಬ್ ಮೋಟಾರಿಗೆ ಲಗಾಮು: ಸ್ಕೂಟರಿನ ಕಂಟ್ರೋಲರನ್ನು ಮೇಜಿನಿಂದ ರಸ್ತೆಯವರೆಗೆ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಎಲೆಕ್ಟ್ರಿಕ್ ಸ್ಕೂಟರಿನ ಥ್ರಾಟಲ್ ತಿರುಗಿಸಿದಾಗ ಸವಾರ ಕೇಳುವುದು ಟಾರ್ಕ್, ಅಂದರೆ ಚಕ್ರವನ್ನು ತಿರುಗಿಸುವ ಬಲ. ವೇಗ ಅದರ ಬೆನ್ನಿಗೆ ಬರುತ್ತದೆ. ಏರಿನಲ್ಲಿ ನಿಧಾನವಾಗಿ, ಇಳಿಜಾರಿನಲ್ಲಿ ಬೇಗ. ಅಗ್ಗದ ಕಂಟ್ರೋಲರ್‌ಗಳು ಥ್ರಾಟಲನ್ನು ನೇರವಾಗಿ ವೋಲ್ಟೇಜಿಗೆ ಜೋಡಿಸಿಬಿಡುತ್ತವೆ. ಹೊರಡುವಾಗ ಎಳೆದಾಡುವುದು, ಟ್ರಾಫಿಕ್‌ನಲ್ಲಿ ಗಾಡಿ ಮುಗ್ಗರಿಸುವುದು, ಒಂದು ದಿನ ಸುಟ್ಟ ವಾಸನೆಯೊಂದಿಗೆ ನಿಂತೇ ಹೋಗುವುದು, ಇವೆಲ್ಲದರ ಮೂಲ ಹೆಚ್ಚಾಗಿ ಅಲ್ಲೇ ಇರುತ್ತದೆ. ಮೋಟಾರಿನ ಟಾರ್ಕ್ ಅದರ ಕರೆಂಟಿಗೆ ಅನುಗುಣವಾಗಿರುವುದರಿಂದ ಕರೆಂಟನ್ನು ಹಿಡಿತಕ್ಕೆ ತಂದರೆ ಉಳಿದ ಕೆಲಸ ಬಹುಪಾಲು ಮಿತಿಗಳನ್ನು ಹಾಕುವುದಷ್ಟೇ. ಈ ಬರಹ ಹಿಡಿದಿರುವುದು ಅದೇ ದಾರಿ.

ಉದಾಹರಣೆಗೆ ಒಂದೇ ಗಾಡಿ ಇಟ್ಟುಕೊಳ್ಳೋಣ: 16 ಸೆಲ್‌ಗಳ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ (51.2 ವೋಲ್ಟ್, ಪೂರ್ತಿ ತುಂಬಿದಾಗ 58.4), ಹಿಂದಿನ ಚಕ್ರದೊಳಗೇ ಕುಳಿತ ಹಬ್ ಮೋಟಾರ್, ಅದರಲ್ಲಿ 46 ಮ್ಯಾಗ್ನೆಟ್, ಮ್ಯಾಗ್ನೆಟ್ ಎಲ್ಲಿದೆ ಎಂದು ಹೇಳುವ ಮೂರು ಹಾಲ್ ಸೆನ್ಸರ್, ಆರು ಮಾಸ್‌ಫೆಟ್‌ಗಳ (ಎಲೆಕ್ಟ್ರಾನಿಕ್ ಸ್ವಿಚ್‌ಗಳ) ಕಂಟ್ರೋಲರ್. ಕಂಟ್ರೋಲರಿನೊಳಗಿನ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್, ನೀವೇ ಬರೆಯುತ್ತಿರಬಹುದು, ಅಥವಾ ಬೆಂಜಮಿನ್ ವೆಡ್ಡರ್ ಶುರು ಮಾಡಿದ ವೆಸ್ಕ್‌ನಂಥ ಓಪನ್ ಸೋರ್ಸ್ ಕಂಟ್ರೋಲರಿಗೆ ಅಂಕಿಗಳನ್ನು ತುಂಬುತ್ತಿರಬಹುದು. ಎರಡಕ್ಕೂ ಹಂತಗಳು ಇವೇ. ವೆಸ್ಕ್ ಅಳತೆಗಳನ್ನು ತಾನೇ ಮಾಡಿಕೊಳ್ಳುತ್ತದೆ. ಆದರೂ ಒಮ್ಮೆ ಕೈಯಿಂದ ಅಳೆದು ನೋಡಿದವರಿಗೆ ಯಂತ್ರ ಕೊಟ್ಟ ಅಂಕಿ ತಪ್ಪಿದ್ದರೆ ಕೂಡಲೇ ಗೊತ್ತಾಗುತ್ತದೆ.

ಕಾನೂನಿನ ಮಾತು ಒಂದಿದೆ. ನಮ್ಮಲ್ಲಿ ಮೋಟಾರಿನ ಶಕ್ತಿ 250 ವ್ಯಾಟ್‌ ಒಳಗೆ, ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ ಇರುವ ಗಾಡಿಗಷ್ಟೇ ನೋಂದಣಿಯಿಂದ ವಿನಾಯಿತಿ. ನೋಂದಾಯಿತ ಗಾಡಿಯನ್ನು ಮನಸ್ಸಿಗೆ ಬಂದಂತೆ ಮಾರ್ಪಡಿಸಲು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಿಡುವುದಿಲ್ಲ. ಕಾಲೇಜಿನ ಪ್ರಾಜೆಕ್ಟು, ಖಾಸಗಿ ಅಂಗಳ, ಟೆಸ್ಟ್ ಬೆಂಚು, ಈ ಪ್ರಯೋಗಗಳಿಗೆ ತಕ್ಕ ಜಾಗ ಅವು.

ಡಿ ಮತ್ತು ಕ್ಯೂ: ಇಷ್ಟು ಸಿದ್ಧಾಂತ ಸಾಕು

2001ರಲ್ಲಿ ಬೆಂಗಳೂರಿನಿಂದ ಬಂದ ರೇವಾ ಕಾರಿನಲ್ಲಿ ಇದ್ದದ್ದು ಬ್ರಷ್ ಇರುವ ಡಿಸಿ ಮೋಟಾರ್. ಡಿಸಿ ಮೋಟಾರಿನಲ್ಲಿ ಕಾಯಿಲ್‌ಗಳಿಗೆ ಸರಿಯಾದ ಹೊತ್ತಿಗೆ ಕರೆಂಟ್ ಹಂಚುವ ಕೆಲಸವನ್ನು ಬ್ರಷ್ಷೇ ಮಾಡಿಬಿಡುತ್ತದೆ. ಇಂದಿನ ಮೋಟಾರಿನಲ್ಲಿ ಬ್ರಷ್ ಇಲ್ಲ, ಆ ಕೆಲಸ ಸಾಫ್ಟ್‌ವೇರಿನದು. ಮೋಟಾರಿನ ಮೂರು ಸುರುಳಿ ಗುಂಪುಗಳಲ್ಲಿ, ಅಂದರೆ ಮೂರು ಫೇಸ್‌ಗಳಲ್ಲಿ, ಏರಿಳಿಯುವ ಕರೆಂಟನ್ನು ತಿರುಗುವ ರೋಟರಿನ ಮೇಲೆ ಕುಳಿತು ನೋಡಿದರೆ ಅದು ಎರಡು ಸ್ಥಿರ ಅಂಕಿಗಳಾಗಿ ಕಾಣುತ್ತದೆ. ಈ ಗಣಿತವನ್ನು ರಾಬರ್ಟ್ ಪಾರ್ಕ್ 1929ರಲ್ಲೇ ಬರೆದಿಟ್ಟಿದ್ದರು. ಅದನ್ನು ಮೋಟಾರ್ ಹತೋಟಿಗೆ ತಂದವರಲ್ಲಿ ಮುಖ್ಯರು 1970ರ ದಶಕದ ಆರಂಭದಲ್ಲಿ ಸೀಮನ್ಸ್‌ನಲ್ಲಿದ್ದ ಫೆಲಿಕ್ಸ್ ಬ್ಲಾಷ್ಕೆ. ಫೀಲ್ಡ್ ಓರಿಯೆಂಟೆಡ್ ಕಂಟ್ರೋಲ್, ಚಿಕ್ಕದಾಗಿ ಎಫ್‌ಓಸಿ ಅನ್ನುವುದು ಇದನ್ನೇ.

ಆ ಎರಡು ಅಂಕಿಗಳೇ ಡಿ-ಕರೆಂಟ್ ಮತ್ತು ಕ್ಯೂ-ಕರೆಂಟ್. ಗಾಣಕ್ಕೆ ಕಟ್ಟಿದ ಎತ್ತನ್ನು ನೆನಪಿಸಿಕೊಳ್ಳಿ: ಮರದ ತೊಲೆಗೆ ಅಡ್ಡಲಾಗಿ ಎಳೆದರೆ ಗಾಣ ತಿರುಗುತ್ತದೆ, ತೊಲೆಯ ಉದ್ದಕ್ಕೆ ನಡುಗಂಬದ ಕಡೆಗೆ ಎಷ್ಟು ನೂಕಿದರೂ ಎಣ್ಣೆ ಬರುವುದಿಲ್ಲ. ಅಡ್ಡ ಎಳೆತವೇ ಕ್ಯೂ, ಉದ್ದದ ನೂಕು ಡಿ. ನಮ್ಮ ಹಬ್ ಮೋಟಾರಿನಂತೆ ಮ್ಯಾಗ್ನೆಟ್‌ಗಳು ಮೇಲ್ಮೈಗೆ ಅಂಟಿಕೊಂಡಿದ್ದರೆ ಲೆಕ್ಕ ಬಹಳ ಸರಳ:

ಟಾರ್ಕ್ = 1.5 × ಪೋಲ್ ಜೋಡಿಗಳು × ಫ್ಲಕ್ಸ್ × ಕ್ಯೂ-ಕರೆಂಟ್

ಪೋಲ್ ಜೋಡಿ ಅಂದರೆ ಮ್ಯಾಗ್ನೆಟ್‌ಗಳ ಸಂಖ್ಯೆಯ ಅರ್ಧ, ಫ್ಲಕ್ಸ್ ಅಂದರೆ ಮ್ಯಾಗ್ನೆಟ್‌ಗಳಿಂದ ಸುರುಳಿಗೆ ತಲುಪುವ ಕಾಂತ ಪ್ರಭಾವ. ಡಿ-ಕರೆಂಟನ್ನು ಸೊನ್ನೆಗೆ ಕಟ್ಟಿಹಾಕಿ, ಥ್ರಾಟಲಿನಿಂದ ಕ್ಯೂ-ಕರೆಂಟನ್ನು ಮಾತ್ರ ಏರಿಳಿಸಬೇಕು. ಇಡೀ ವ್ಯವಸ್ಥೆಯ ಹೃದಯ ಇಷ್ಟೇ. ಮ್ಯಾಗ್ನೆಟ್ ಒಳಗೆ ಹುದುಗಿರುವ ಕಾರಿನ ಮೋಟಾರ್‌ಗಳಲ್ಲಿ ಡಿ-ಕರೆಂಟನ್ನು ಬೇಕೆಂದೇ ಸ್ವಲ್ಪ ಋಣದಲ್ಲಿಟ್ಟು ಹೆಚ್ಚುವರಿ ಟಾರ್ಕ್ ತೆಗೆಯುತ್ತಾರೆ. ಸ್ಕೂಟರಿನ ಹಬ್‌ಗೆ ಆ ಗೊಡವೆ ಬೇಡ.

ಹಂತ 1: ಮೇಜು ಸಿದ್ಧ ಮಾಡಿಕೊಳ್ಳಿ

ಚಕ್ರ ನೆಲಕ್ಕೆ ತಾಗದಂತೆ, ಅಲುಗಾಡದ ಸ್ಟ್ಯಾಂಡಿನಲ್ಲಿರಬೇಕು. ಆ್ಯಕ್ಸಲ್‌ನ ನಟ್ ಬಿಗಿಯಾಗಿರಲಿ, ಟಾರ್ಕ್ ವಾಷರ್ ಅಥವಾ ಟಾರ್ಕ್ ಆರ್ಮ್ ಕಡ್ಡಾಯ. ಹಬ್ ಮೋಟಾರಿನಲ್ಲಿ ಚಕ್ರ ತಿರುಗುವಷ್ಟೇ ಬಲದಿಂದ ಆ್ಯಕ್ಸಲ್ ಹಿಮ್ಮುಖವಾಗಿ ತಿರುಗಲು ನೋಡುತ್ತದೆ. ಅದು ಜಾರಿದರೆ ಅದರೊಳಗಿಂದ ಬರುವ ಫೇಸ್ ವೈರ್‌ಗಳು ಹೊಸೆದು ಕಿತ್ತುಬರುತ್ತವೆ.

ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿ. ಮೊದಲ ಪರೀಕ್ಷೆಗಳಿಗೆ ಕರೆಂಟ್ ಮಿತಿ ಇರುವ ಡಿಸಿ ಪವರ್ ಸಪ್ಲೈ ಒಳ್ಳೆಯದು. ಒಂದೇ ಎಚ್ಚರಿಕೆ, ತಿರುಗುವ ಚಕ್ರ ಬ್ರೇಕ್ ಹಿಡಿದಾಗ ಕರೆಂಟ್ ವಾಪಸ್ ಬರುತ್ತದೆ, ಸಾಮಾನ್ಯ ಪವರ್ ಸಪ್ಲೈಗೆ ಅದನ್ನು ನುಂಗಲು ಬರುವುದಿಲ್ಲ. ವೋಲ್ಟೇಜ್ ಏರುತ್ತಾ ಹೋಗಿ ಏನಾದರೊಂದು ಒಡೆಯುತ್ತದೆ. ಸಪ್ಲೈ ಮೇಲೆ ಓಡಿಸುವಷ್ಟು ದಿನ ರೀಜೆನ್ (ಬ್ರೇಕಿನ ಶಕ್ತಿಯನ್ನು ಬ್ಯಾಟರಿಗೆ ಮರಳಿಸುವುದು) ಪೂರ್ತಿ ಬಂದ್ ಇರಲಿ.

ಪವರ್ ಸಪ್ಲೈ ಇಲ್ಲದವರಿಗೆ ನಮ್ಮ ಎಲೆಕ್ಟ್ರಿಷಿಯನ್‌ಗಳ ಹಳೆಯ ಸೀರೀಸ್ ಬಲ್ಬಿನ ಉಪಾಯವೇ ಸಾಕು. ಲಾರಿಯ 24 ವೋಲ್ಟ್ ಹೆಡ್‌ಲೈಟ್ ಬಲ್ಬು ಎರಡನ್ನು ಸಾಲಾಗಿ ಜೋಡಿಸಿ, ಬ್ಯಾಟರಿಯ ಪ್ಲಸ್ ದಾರಿಯಲ್ಲಿ ಹಾಕಿ. ಕಂಟ್ರೋಲರಿನಲ್ಲಿ ಶಾರ್ಟ್ ಇದ್ದರೆ ಬಲ್ಬು ಝಗ್ಗನೆ ಉರಿಯುತ್ತದೆ, ಮಾಸ್‌ಫೆಟ್ ಉಳಿಯುತ್ತದೆ. ಎಲ್ಲ ಸರಿಯಿದ್ದರೆ ಕೆಪಾಸಿಟರ್ ತುಂಬುವ ಕ್ಷಣ ಮಿನುಗಿ ಆರುತ್ತದೆ.

ಆಸಿಲೋಸ್ಕೋಪ್ ಬಳಸುವವರು ಪ್ರೋಬಿನ ಗ್ರೌಂಡ್ ಕ್ಲಿಪ್ಪನ್ನು ಫೇಸ್ ವೈರಿಗೆ ಎಂದೂ ಸಿಕ್ಕಿಸಬೇಡಿ, ಡಿಫರೆನ್ಷಿಯಲ್ ಪ್ರೋಬ್ ಬೇಕು. ಲ್ಯಾಪ್‌ಟಾಪನ್ನು ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಓಡಿಸಿದರೆ ಯುಎಸ್‌ಬಿ ಮೂಲಕ ಅರ್ಥಿಂಗ್ ಸುತ್ತು ಹೊಡೆಯುವ ಅಪಾಯವೂ ತಪ್ಪುತ್ತದೆ.

ಹಂತ 2: ಮೋಟಾರಿನ ಜಾತಕ ಬರೆದುಕೊಳ್ಳಿ

ನಾಲ್ಕು ಅಂಕಿ ಬೇಕು: ಪೋಲ್ ಜೋಡಿ, ರೆಸಿಸ್ಟೆನ್ಸ್, ಇಂಡಕ್ಟೆನ್ಸ್, ಫ್ಲಕ್ಸ್. ಕೆಳಗೆ ಕೊಟ್ಟಿರುವ ಬೆಲೆಗಳು ಲೆಕ್ಕ ತೋರಿಸಲು ಹಿಡಿದವು, ನಿಮ್ಮ ಮೋಟಾರಿನವು ಬೇರೆ ಇರುತ್ತವೆ.

ಪೋಲ್ ಜೋಡಿ ಎಣಿಸಲು ಮೋಟಾರ್ ಬಿಚ್ಚಬೇಕಿಲ್ಲ. ಎರಡು ಫೇಸ್ ವೈರ್‌ಗಳ ನಡುವೆ ಎರಡು ಮೂರು ಆಂಪಿಯರ್ ಡಿಸಿ ಹರಿಸಿ, ಚಕ್ರವನ್ನು ಕೈಯಲ್ಲಿ ಮೆಲ್ಲಗೆ ಒಂದು ಸುತ್ತು ತಿರುಗಿಸಿ. ಅದು ಅಲ್ಲಲ್ಲಿ ತಾನಾಗಿ ಜಗ್ಗಿ ನಿಲ್ಲುತ್ತದೆ. ಟೈರಿನ ಮೇಲೆ ಚಾಕ್‌ಪೀಸಿನಿಂದ ಗುರುತು ಹಾಕಿಕೊಂಡು ಎಣಿಸಿ. 46 ಮ್ಯಾಗ್ನೆಟ್ಟಿನ ಮೋಟಾರ್ ಒಂದು ಸುತ್ತಿಗೆ 23 ಕಡೆ ನಿಲ್ಲುತ್ತದೆ, ಅಲ್ಲಿಗೆ ಪೋಲ್ ಜೋಡಿ 23.

ರೆಸಿಸ್ಟೆನ್ಸ್ ಅಳೆಯಲು ಸಾದಾ ಮಲ್ಟಿಮೀಟರಿನ ಓಮ್ ಸ್ಥಾನ ಪ್ರಯೋಜನಕ್ಕೆ ಬರುವುದಿಲ್ಲ. ಅದರ ತಂತಿಗಳ ರೆಸಿಸ್ಟೆನ್ಸೇ ಮೋಟಾರಿನಷ್ಟಿರುತ್ತದೆ. ಎರಡು ಫೇಸ್‌ಗಳ ನಡುವೆ 5 ಆಂಪಿಯರ್ ಹರಿಸಿ, ಮೋಟಾರ್ ವೈರಿನ ತುದಿಯಲ್ಲೇ ವೋಲ್ಟೇಜ್ ಓದಿ. 1 ವೋಲ್ಟ್ ಬಂತೆನ್ನಿ: 0.2 ಓಮ್, ಅದರ ಅರ್ಧ 0.1 ಓಮ್ ಒಂದು ಫೇಸಿನದು. ಮೂರೂ ಜೋಡಿಗಳಲ್ಲಿ ಒಂದೇ ಅಂಕಿ ಬರಬೇಕು. ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿಗೆ ಶೇಕಡಾ 0.39ರಷ್ಟು ಏರುತ್ತದೆ. 25 ಡಿಗ್ರಿಯಲ್ಲಿ ಅಳೆದ ಮೋಟಾರ್ 100 ಡಿಗ್ರಿಗೆ ಕಾದಾಗ ಸುಮಾರು 29 ಪ್ರತಿಶತ ಹೆಚ್ಚು ತೋರಿಸುತ್ತದೆ, ಆದ್ದರಿಂದ ತಣ್ಣಗಿದ್ದಾಗ ಅಳೆದದ್ದೋ ಬಿಸಿಯಲ್ಲೋ ಎಂದು ಪಕ್ಕದಲ್ಲಿ ಬರೆದಿಡಿ.

ಇಂಡಕ್ಟೆನ್ಸಿಗೆ ಎಲ್‌ಸಿಆರ್ ಮೀಟರ್ ಬೇಕು, ಎರಡು ಫೇಸ್‌ಗಳ ನಡುವೆ 1 ಕಿಲೋಹರ್ಟ್ಸ್‌ನಲ್ಲಿ ಅಳೆದು ಅರ್ಧ ಮಾಡಿ. ನಮ್ಮ ಉದಾಹರಣೆಗೆ 0.2 ಮಿಲಿಹೆನ್ರಿ. ಚಕ್ರ ತಿರುಗಿಸುತ್ತಾ ಓದಿದಾಗ ಅಂಕಿ ಬಹಳ ಏರಿಳಿದರೆ ಮ್ಯಾಗ್ನೆಟ್‌ಗಳು ಹುದುಗಿರುವ ಮೋಟಾರ್ ಎಂದು ಅರ್ಥ.

ಫ್ಲಕ್ಸ್ ಅಳೆಯಲು ಮೂರೂ ಫೇಸ್ ವೈರ್ ಬಿಚ್ಚಿಟ್ಟು, ಡ್ರಿಲ್ ಮಷಿನ್‌ನಿಂದಲೋ ಕೈಯಿಂದಲೋ ಚಕ್ರ ತಿರುಗಿಸಿ, ಎರಡು ಫೇಸ್‌ಗಳ ನಡುವಿನ ಅಲೆಯನ್ನು ಸ್ಕೋಪಿನಲ್ಲಿ ನೋಡಿ. ನಿಮಿಷಕ್ಕೆ 120 ಸುತ್ತು ಅಂದರೆ ಸೆಕೆಂಡಿಗೆ 2 ಸುತ್ತು, 23ರಿಂದ ಗುಣಿಸಿದರೆ ಎಲೆಕ್ಟ್ರಿಕಲ್ 46 ಹರ್ಟ್ಸ್, ಅಂದರೆ ಸೆಕೆಂಡಿಗೆ 289 ರೇಡಿಯನ್. ಅಲೆಯ ತುದಿ 10 ವೋಲ್ಟ್ ಇದ್ದರೆ ಅದನ್ನು 1.732ರಿಂದ ಭಾಗಿಸಿ ಒಂದು ಫೇಸಿಗೆ 5.77 ವೋಲ್ಟ್, ಮತ್ತೆ 289ರಿಂದ ಭಾಗಿಸಿದರೆ 0.02 ವೆಬರ್.

ಈಗ ಜಾತಕ ಓದಬಹುದು. 50 ಆಂಪಿಯರ್ ಕ್ಯೂ-ಕರೆಂಟಿಗೆ ಟಾರ್ಕ್ 1.5 × 23 × 0.02 × 50 = 34.5 ನ್ಯೂಟನ್ ಮೀಟರ್. ಚಕ್ರದ ಸುತ್ತಳತೆ 1.3 ಮೀಟರ್ ಆದರೆ ರಸ್ತೆಯ ಮೇಲೆ ಸುಮಾರು 167 ನ್ಯೂಟನ್ ತಳ್ಳುಬಲ. ಸವಾರನೂ ಸೇರಿ 180 ಕಿಲೋ ತೂಗುವ ಗಾಡಿ ಇದರಲ್ಲಿ ಎಂಟು ಪ್ರತಿಶತದ ಏರನ್ನು ಹೇಗೋ ಹತ್ತುತ್ತದೆ. ಇಬ್ಬರು ಕೂತು ಘಟ್ಟ ಹತ್ತುವ ಆಸೆಯಿದ್ದರೆ ಇಲ್ಲೇ ಗೊತ್ತಾಯಿತು, ಈ ಮೋಟಾರ್ ಸಾಲದು. ಮಾರುಕಟ್ಟೆಯ ವಿವರ ಪಟ್ಟಿಯಲ್ಲಿ ಬರೆದ ವ್ಯಾಟ್‌ಗಿಂತ ಈ ಲೆಕ್ಕವನ್ನೇ ನಾನು ಹೆಚ್ಚು ನಂಬುತ್ತೇನೆ.

ಹಂತ 3: ಹಾಲ್ ಸೆನ್ಸರ್ ಪರೀಕ್ಷೆ

ಸಾಮಾನ್ಯವಾಗಿ ಐದು ಸಣ್ಣ ತಂತಿಗಳು: ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್, ಹಳದಿ-ಹಸಿರು-ನೀಲಿ ಸಿಗ್ನಲ್. ಸಿಗ್ನಲ್‌ಗಳು ಓಪನ್ ಕಲೆಕ್ಟರ್ ಆಗಿರುತ್ತವೆ, ಪ್ರತಿಯೊಂದರಿಂದ 5 ವೋಲ್ಟಿಗೆ 4.7 ಕಿಲೋಓಮ್ ರೆಸಿಸ್ಟರ್ ಹಾಕದಿದ್ದರೆ ಮೀಟರ್ ಏನನ್ನೂ ತೋರಿಸುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡ ಹೊಸ ಸೆನ್ಸರನ್ನು ಕೆಟ್ಟಿದೆ ಎಂದು ವಾಪಸ್ ಒಯ್ಯುವ ಮೊದಲು ಇದನ್ನು ನೋಡಿ.

ಚಕ್ರ ಮೆಲ್ಲಗೆ ತಿರುಗಿಸುತ್ತಾ ಮೂರೂ ಸಿಗ್ನಲ್ ಓದಿದರೆ 1-3-2-6-4-5 ಅಥವಾ ಅದರ ಹಿಮ್ಮುಖ ಕ್ರಮ ಸಿಗಬೇಕು (ಮೂರು ಬಿಟ್‌ಗಳನ್ನು ಒಂದು ಸಂಖ್ಯೆಯಾಗಿ ಓದಿದಾಗ). 0 ಅಥವಾ 7 ಕಂಡರೆ ಒಂದು ಸೆನ್ಸರ್ ಸತ್ತಿದೆ, ಇಲ್ಲವೇ ತಂತಿ ಕಿತ್ತಿದೆ, ಇಲ್ಲವೇ ಸೆನ್ಸರ್‌ಗಳನ್ನು 60 ಡಿಗ್ರಿ ಅಂತರದಲ್ಲಿ ಕೂರಿಸಿದ ಮೋಟಾರ್ ಅದು. ಕನೆಕ್ಟರಿನೊಳಗೆ ನೀರು ಸೇರಿದ ಮಳೆಗಾಲದ ಗಾಡಿಗಳಲ್ಲಿ 0 ಮತ್ತು 7 ಆಗಾಗ ಬಂದು ಹೋಗುತ್ತಿರುತ್ತವೆ. ಈ ಎರಡು ಅಂಕಿ ಬಂದ ಕೂಡಲೇ ಫರ್ಮ್‌ವೇರ್ ಟಾರ್ಕ್ ಕಡಿಯಬೇಕು.

ಹಂತ 4: ಪವರ್ ಭಾಗಕ್ಕೆ ಜೀವ ಕೊಡುವುದು

ಮೊದಲು ವಿದ್ಯುತ್ ಇಲ್ಲದೆ, ಮಲ್ಟಿಮೀಟರಿನ ಡಯೋಡ್ ಸ್ಥಾನದಲ್ಲಿ, ಕೆಂಪು ಪ್ರೋಬ್ ಬ್ಯಾಟರಿ ಮೈನಸ್ಸಿಗೆ, ಕಪ್ಪು ಪ್ರೋಬ್ ಒಂದೊಂದೇ ಫೇಸಿಗೆ ಇಟ್ಟು ನೋಡಿ. ಮೂರರಲ್ಲೂ 0.4ರಿಂದ 0.6ರ ಆಸುಪಾಸಿನ ಒಂದೇ ಅಂಕಿ ಬಂದರೆ ಕೆಳಗಿನ ಮಾಸ್‌ಫೆಟ್‌ಗಳು ಚೆನ್ನಾಗಿವೆ. ಕೆಂಪನ್ನು ಫೇಸಿಗೆ, ಕಪ್ಪನ್ನು ಪ್ಲಸ್ಸಿಗೆ ಇಟ್ಟರೆ ಮೇಲಿನವುಗಳ ಪರೀಕ್ಷೆ. ಸೊನ್ನೆ ಬಂದದ್ದು ಶಾರ್ಟ್.

ಬ್ಯಾಟರಿಯನ್ನು ನೇರವಾಗಿ ಸಿಕ್ಕಿಸಿದರೆ ಕನೆಕ್ಟರಿನಲ್ಲಿ ಕಿಡಿ ಹಾರುತ್ತದೆ. ಖಾಲಿ ಕೆಪಾಸಿಟರ್ ಆ ಕ್ಷಣಕ್ಕೆ ಶಾರ್ಟ್ ಇದ್ದಂತೆಯೇ. 100 ಓಮ್, 10 ವ್ಯಾಟ್ ರೆಸಿಸ್ಟರ್ ಮೂಲಕ ಅರ್ಧ ಸೆಕೆಂಡ್ ಪ್ರೀಚಾರ್ಜ್ ಮಾಡಿದರೆ 1000 ಮೈಕ್ರೋಫ್ಯಾರಡ್ ತುಂಬಿಬಿಡುತ್ತದೆ, ಆಮೇಲೆ ಮುಖ್ಯ ಸ್ವಿಚ್. ಬ್ಯಾಟರಿ ಕಿತ್ತ ಮೇಲೂ ಆ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ. ಕೈ ಹಾಕುವ ಮೊದಲು ಮೀಟರ್ ಇಟ್ಟು ನೋಡಿ.

ಸ್ವಿಚಿಂಗ್ ವೇಗ 16ರಿಂದ 20 ಕಿಲೋಹರ್ಟ್ಸ್ ಇರಲಿ, ಅದಕ್ಕಿಂತ ಕೆಳಗಿಳಿದರೆ ಮೋಟಾರ್ ಕೀಚಲು ದನಿ ಎತ್ತುತ್ತದೆ. ಮೇಲಿನ ಮತ್ತು ಕೆಳಗಿನ ಮಾಸ್‌ಫೆಟ್ ಒಟ್ಟಿಗೆ ತೆರೆದುಕೊಂಡು ಕರೆಂಟ್ ಹರಿಸದಂತೆ ನಡುವೆ ಬಿಡುವ ಡೆಡ್‌ಟೈಮ್ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. 1 ಮೈಕ್ರೋಸೆಕೆಂಡ್ ಡೆಡ್‌ಟೈಮ್, 16 ಕಿಲೋಹರ್ಟ್ಸ್, 51.2 ವೋಲ್ಟ್ ಗುಣಿಸಿದರೆ 0.82 ವೋಲ್ಟ್. ಕೇಳಿದ ವೋಲ್ಟೇಜಿನಲ್ಲಿ ಇಷ್ಟು ಕಾಣೆಯಾಗುತ್ತದೆ. ನಿಂತ ಮೋಟಾರಿಗೆ 10 ಆಂಪಿಯರ್ ಹರಿಸಲು ಬೇಕಾದದ್ದೇ 1 ವೋಲ್ಟ್! ನಿಧಾನದ ವೇಗದಲ್ಲಿ ಚಕ್ರ ಗೊರಗೊರ ಎನ್ನುವುದಕ್ಕೆ ಹಾಲ್ ಸೆನ್ಸರನ್ನು ಬೈಯುವ ಮುಂಚೆ ಡೆಡ್‌ಟೈಮ್ ಸರಿದೂಗಿಸುವ ಲೆಕ್ಕ ಫರ್ಮ್‌ವೇರಿನಲ್ಲಿದೆಯೇ ನೋಡಿ. ಡ್ರೈವರ್ ಮತ್ತು ಮಾಸ್‌ಫೆಟ್ ಅನುಮತಿಸಿದರೆ ಅದನ್ನು ಅರ್ಧ ಮೈಕ್ರೋಸೆಕೆಂಡಿನ ಹತ್ತಿರಕ್ಕೆ ಇಳಿಸಬಹುದು. ಸ್ಕೋಪಿನಲ್ಲಿ ಎರಡೂ ಗೇಟ್ ಸಿಗ್ನಲ್ ನೋಡದೆ ಇಳಿಸಬೇಡಿ.

ಹಂತ 5: ಕರೆಂಟ್ ಓದುವುದನ್ನು ನಂಬುವಂತೆ ಮಾಡಿ

ಕಂಟ್ರೋಲರ್ ಆನ್ ಆದಾಗಲೆಲ್ಲ, ಮಾಸ್‌ಫೆಟ್‌ಗಳು ಇನ್ನೂ ಮುಚ್ಚಿರುವಾಗ, ಸೆನ್ಸರ್ ತೋರಿಸುವ ಸೊನ್ನೆ-ಅಂಕಿಯನ್ನು ಸರಾಸರಿ ತೆಗೆದು ಇಟ್ಟುಕೊಳ್ಳಬೇಕು. ಕೆಳಬದಿಯ ಶಂಟ್ (ಕರೆಂಟ್ ಅಳೆಯುವ ಸಣ್ಣ ರೆಸಿಸ್ಟರ್) ಇರುವ ಬೋರ್ಡಿನಲ್ಲಿ ಕೆಳಗಿನ ಮಾಸ್‌ಫೆಟ್ ತೆರೆದಿರುವ ಕ್ಷಣದ ನಡುಮಧ್ಯದಲ್ಲಿ ಓದಬೇಕು, ಅಂಚಿನಲ್ಲಿ ಓದಿದರೆ ಸ್ವಿಚಿಂಗ್ ಸದ್ದು ಮಾತ್ರ ಸಿಗುತ್ತದೆ. ಆಮೇಲೆ ಒಂದು ಫೇಸಿನಿಂದ ಇನ್ನೊಂದಕ್ಕೆ ಗೊತ್ತಿರುವ ಡಿಸಿ ಕರೆಂಟ್ ಹರಿಸಿ, ಕ್ಲ್ಯಾಂಪ್ ಮೀಟರಿನೊಂದಿಗೆ ಹೋಲಿಸಿ, ಚಿಹ್ನೆಯೂ ಸರಿಯಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಮೂರೂ ಫೇಸಿನ ಮೊತ್ತ ಸದಾ ಸೊನ್ನೆಯ ಹತ್ತಿರ ಇರಬೇಕು. ಒಂದರ ಚಿಹ್ನೆ ಉಲ್ಟಾ ಇದ್ದರೆ ಮುಂದಿನ ಹಂತದಲ್ಲಿ ಲೂಪ್ ಓಡಿಹೋಗುತ್ತದೆ.

ಹಂತ 6: ಕರೆಂಟ್ ಲೂಪ್

ಕರೆಂಟನ್ನು ಅಳೆದು, ಕೇಳಿದ್ದರೊಂದಿಗೆ ಹೋಲಿಸಿ, ವೋಲ್ಟೇಜನ್ನು ತಿದ್ದುತ್ತಲೇ ಇರುವ ಸುತ್ತು ಇದು. ಇಲ್ಲಿ ಅಂದಾಜಿನಿಂದ ನಾಬ್ ತಿರುಗಿಸುವ ಅಗತ್ಯವೇ ಇಲ್ಲ. ಮೋಟಾರಿನ ರೆಸಿಸ್ಟೆನ್ಸ್ ಮತ್ತು ಇಂಡಕ್ಟೆನ್ಸ್ ಗೊತ್ತಿದ್ದರೆ ಪಿಐ ಕಂಟ್ರೋಲರಿನ (ಈಗಿನ ತಪ್ಪಿಗೂ ಕೂಡುತ್ತಾ ಬಂದ ತಪ್ಪಿಗೂ ತಕ್ಕಂತೆ ತಿದ್ದುವ ಲೆಕ್ಕದ) ಎರಡೂ ಅಂಕಿ ನೇರ ಸಿಗುತ್ತವೆ. ಲೂಪಿನ ಬ್ಯಾಂಡ್‌ವಿಡ್ತ್ (ಅದು ಎಷ್ಟು ಬೇಗ ಸ್ಪಂದಿಸುತ್ತದೆ ಎಂಬುದರ ಅಳತೆ) 500 ಹರ್ಟ್ಸ್ ಇಟ್ಟುಕೊಳ್ಳೋಣ, ಅಂದರೆ ಸೆಕೆಂಡಿಗೆ 3142 ರೇಡಿಯನ್.

ಪ್ರಪೋರ್ಷನಲ್ = ಇಂಡಕ್ಟೆನ್ಸ್ × 3142 = 0.0002 × 3142 = 0.63
ಇಂಟಿಗ್ರಲ್ = ರೆಸಿಸ್ಟೆನ್ಸ್ × 3142 = 0.1 × 3142 = 314

ಇಂಟಿಗ್ರಲ್ ಅಂಕಿ ಸೆಕೆಂಡಿನ ಲೆಕ್ಕದ್ದು. ಲೂಪ್ ಸೆಕೆಂಡಿಗೆ 16,000 ಬಾರಿ ಓಡುವುದಾದರೆ ಪ್ರತಿ ಬಾರಿಗೆ 314 ÷ 16,000, ಅಂದರೆ ಸುಮಾರು 0.02. ಈ ಭಾಗಾಕಾರ ಬಿಟ್ಟುಹೋದ ಕೋಡ್ ಮೊದಲ ಕ್ಷಣದಲ್ಲೇ ಫ್ಯೂಸ್ ಹಾರಿಸುತ್ತದೆ. ಡಿ ಮತ್ತು ಕ್ಯೂ ಎರಡರ ವೋಲ್ಟೇಜ್ ಸೇರಿ ಬ್ಯಾಟರಿ ವೋಲ್ಟೇಜನ್ನು 1.732ರಿಂದ ಭಾಗಿಸಿದ ವೃತ್ತದೊಳಗೆ ಉಳಿಯಬೇಕು. ವೃತ್ತದ ಅಂಚು ಮುಟ್ಟಿದಾಗ ಇಂಟಿಗ್ರೇಟರ್ ಬೆಳೆಯುವುದನ್ನು ನಿಲ್ಲಿಸಿ.

ಪರೀಕ್ಷೆಗೆ ರೋಟರ್ ಕೋನವನ್ನು ಸೊನ್ನೆಗೆ ಹಿಡಿದಿಟ್ಟು, ಡಿ-ಕರೆಂಟನ್ನು ಒಮ್ಮೆಲೇ 10 ಆಂಪಿಯರಿಗೆ ಏರಿಸಿ. ಚಕ್ರ ಒಮ್ಮೆ ಟಕ್ ಎಂದು ತನ್ನ ಜಾಗಕ್ಕೆ ಕೂತು ನಿಲ್ಲುತ್ತದೆ. ಎರಡನೇ ಬಾರಿ ಏರಿಸಿದಾಗ ಬರುವ ಗೆರೆಯನ್ನು ನೋಡಿ: 0.3 ಮಿಲಿಸೆಕೆಂಡಿನಲ್ಲಿ 6.3 ಆಂಪಿಯರ್, ಒಂದೂವರೆ ಮಿಲಿಸೆಕೆಂಡಿನೊಳಗೆ 10. ಮೇಲೆ ಹಾರಿ ಕೆಳಗಿಳಿದರೆ ರೆಸಿಸ್ಟೆನ್ಸನ್ನು ಇರುವುದಕ್ಕಿಂತ ಹೆಚ್ಚು, ಇಲ್ಲವೇ ಇಂಡಕ್ಟೆನ್ಸನ್ನು ಕಡಿಮೆ ಬರೆದಿದ್ದೀರಿ. ಬಾಲ ಎಳೆಯುತ್ತಾ ತಡವಾಗಿ ತಲುಪಿದರೆ ರೆಸಿಸ್ಟೆನ್ಸ್ ಕಡಿಮೆ ಬರೆದಿದ್ದೀರಿ.

ಹಂತ 7: ರೋಟರ್ ಎಲ್ಲಿದೆ?

ಈಗ ಕೋನವನ್ನು ಮೆಲ್ಲಗೆ ಕೈಯಾರೆ ಸುತ್ತಿಸಿ, ಡಿ-ಕರೆಂಟ್ 10 ಆಂಪಿಯರಿನಲ್ಲೇ ಇಟ್ಟು ಒಂದು ಪೂರ್ತಿ ಎಲೆಕ್ಟ್ರಿಕಲ್ ಸುತ್ತು (ಚಕ್ರದ ಸುತ್ತಿನ 23ರಲ್ಲಿ ಒಂದು ಪಾಲು) ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಓಡಿಸಿ. ಹಾಲ್ ಅಂಕಿ ಬದಲಾಗುವ ಆರೂ ಕೋನಗಳನ್ನು ಎರಡೂ ದಿಕ್ಕಿನಲ್ಲಿ ಬರೆದು ಸರಾಸರಿ ತೆಗೆಯಿರಿ. ಲೆಕ್ಕದ ಪ್ರಕಾರ ಅವು 60 ಡಿಗ್ರಿಗೊಂದು ಬರಬೇಕು. ಸೆನ್ಸರ್‌ಗಳನ್ನು ಅಂಟಿಸಿದ ಕೈ ಸ್ವಲ್ಪ ಅಲುಗಿದ್ದರೂ, 23 ಜೋಡಿಯ ಮೋಟಾರಿನಲ್ಲಿ ಆ ಅಲುಗು 23 ಪಟ್ಟಾಗಿ ಕಾಣುತ್ತದೆ. ಆದ್ದರಿಂದ ಆರೂ ಅಂಚುಗಳಿಗೆ ಪ್ರತ್ಯೇಕ ಕೋನ ಇಡಿ.

ಎರಡು ಅಂಚುಗಳ ನಡುವೆ ವೇಗದಿಂದ ಅಂದಾಜು ಮಾಡಿ ಕೋನ ತುಂಬಿಸಬೇಕು. ತೀರ ನಿಧಾನದಲ್ಲಿ ಆ ಅಂದಾಜು ಸುಳ್ಳಾಗುವುದರಿಂದ 60 ಡಿಗ್ರಿ ವಲಯದ ನಡುಬಿಂದುವನ್ನೇ ಹಿಡಿಯಿರಿ. ತಪ್ಪು ಹೆಚ್ಚೆಂದರೆ 30 ಡಿಗ್ರಿ, ಟಾರ್ಕಿನ ನಷ್ಟ ಶೇಕಡಾ 13. ಹೊರಡುವ ಗಾಡಿಗೆ ಅದು ತೊಂದರೆಯಲ್ಲ.

ಕೋನ ಸರಿಯಿದೆಯೇ ಎಂದು ನೋಡಲು ಒಂದು ಖಚಿತ ಪರೀಕ್ಷೆ: ಡಿ ಮತ್ತು ಕ್ಯೂ ಎರಡೂ ಕರೆಂಟಿಗೆ ಸೊನ್ನೆ ಆಜ್ಞೆ ಕೊಟ್ಟು, ಚಕ್ರವನ್ನು ಹೊರಗಿನಿಂದ ತಿರುಗಿಸಿ. ಲೂಪ್ ಕೊಡುವ ಡಿ-ವೋಲ್ಟೇಜ್ ಸೊನ್ನೆಯ ಹತ್ತಿರ ಇರಬೇಕು, ಇಡೀ ವೋಲ್ಟೇಜ್ ಕ್ಯೂ ಕಡೆಗೆ ಕಾಣಬೇಕು. ಡಿ ಕಡೆ ವೋಲ್ಟೇಜ್ ಉಳಿದರೆ ಆ ದಿಕ್ಕಿಗೆ ಒಂದೆರಡು ಡಿಗ್ರಿ ಸರಿಸುತ್ತಾ ಬನ್ನಿ. ಆಮೇಲೆ ಕ್ಯೂ-ಕರೆಂಟಿಗೆ 2 ಆಂಪಿಯರ್ ಕೊಟ್ಟರೆ ಚಕ್ರ ಸದ್ದಿಲ್ಲದೆ ತಿರುಗತೊಡಗುತ್ತದೆ.

ಹಂತ 8: ಥ್ರಾಟಲ್

ಹಾಲ್ ಥ್ರಾಟಲ್ ಬಿಟ್ಟಾಗ ಸುಮಾರು 0.8 ವೋಲ್ಟ್, ಪೂರ್ತಿ ತಿರುವಿದಾಗ 4 ವೋಲ್ಟಿನ ಆಸುಪಾಸು ಕೊಡುತ್ತದೆ. ನಿಮ್ಮದನ್ನು ಅಳೆದು ಎರಡೂ ತುದಿಯಲ್ಲಿ ಸ್ವಲ್ಪ ಸತ್ತ ಜಾಗ ಬಿಡಿ. ಇಲ್ಲಿನ ದೊಡ್ಡ ಅಪಾಯ ಗ್ರೌಂಡ್ ತಂತಿ ಕಿತ್ತುಬರುವುದು. ಆಗ ಸಿಗ್ನಲ್ 5 ವೋಲ್ಟಿಗೆ ಏರಿ, ಕಂಟ್ರೋಲರಿಗೆ ಅದು ಪೂರ್ತಿ ಥ್ರಾಟಲ್ ಎಂದೇ ತೋರುತ್ತದೆ. 0.4ಕ್ಕಿಂತ ಕೆಳಗೆ ಅಥವಾ 4.5ಕ್ಕಿಂತ ಮೇಲೆ ಹೋದರೆ ಟಾರ್ಕ್ ಸೊನ್ನೆ, ಮತ್ತೆ ಥ್ರಾಟಲ್ ಪೂರ್ತಿ ಬಿಡುವವರೆಗೂ ಸೊನ್ನೆಯೇ. ಕೀ ಆನ್ ಮಾಡುವಾಗ ಥ್ರಾಟಲ್ ತಿರುವಿದ್ದರೂ ಗಾಡಿ ಹೊರಡಬಾರದು. ಬ್ರೇಕ್ ಲಿವರಿನ ಸ್ವಿಚ್ ಇವೆಲ್ಲದರ ಮೇಲಿನ ಅಧಿಕಾರಿ.

ಕಾರುಗಳಲ್ಲಿ ಪೆಡಲಿಗೆ ಎರಡು ಪ್ರತ್ಯೇಕ ಸೆನ್ಸರ್ ಇಟ್ಟು ಎರಡನ್ನೂ ಹೋಲಿಸುತ್ತಾರೆ. ಸ್ಕೂಟರಿಗೂ ಅದು ಬಂದರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಕ್ಯೂ-ಕರೆಂಟ್ ಸೊನ್ನೆಯಿಂದ ಪೂರ್ತಿಗೆ ಏರಲು ಅರ್ಧ ಸೆಕೆಂಡ್, ಇಳಿಯಲು ಅದರ ಕಾಲುಭಾಗ ಕೊಡಿ. ಥ್ರಾಟಲಿನ ಮೊದಲರ್ಧ ತಿರುವಿಗೆ ಟಾರ್ಕಿನ ಕಾಲುಭಾಗ ಮಾತ್ರ ಸಿಗುವಂತೆ ಬಾಗಿಸಿದರೆ ಜನಜಂಗುಳಿಯಲ್ಲಿ ಅಂಗುಲ ಅಂಗುಲ ಸರಿಯುವುದು ಸುಲಭ.

ಹಂತ 9: ಮಿತಿಗಳು, ಇಲ್ಲಿ ಅವಸರ ಬೇಡ

ಫೇಸ್ ಕರೆಂಟ್ ಮತ್ತು ಬ್ಯಾಟರಿ ಕರೆಂಟ್ ಒಂದೇ ಎಂದು ತಿಳಿದವರು ಬಹಳ. ನಮ್ಮ ಗಾಡಿ 10 ಕಿಲೋಮೀಟರ್ ವೇಗದಲ್ಲಿ 50 ಆಂಪಿಯರ್ ಕ್ಯೂ-ಕರೆಂಟಿನಿಂದ ಏರು ಹತ್ತುತ್ತಿದೆ ಎನ್ನಿ. ಚಕ್ರಕ್ಕೆ ತಲುಪುವುದು ಸುಮಾರು 463 ವ್ಯಾಟ್. ತಾಮ್ರದಲ್ಲಿ ಬಿಸಿಯಾಗಿ ಹೋಗುವುದು 1.5 × 50 × 50 × 0.1 = 375 ವ್ಯಾಟ್. ಒಟ್ಟು 838 ವ್ಯಾಟ್, ಬ್ಯಾಟರಿಯಿಂದ ಹೊರಡುವುದು 16 ಆಂಪಿಯರ್ ಮಾತ್ರ. ಬ್ಯಾಟರಿಯ ಮೀಟರ್ ನೋಡಿ ಹಾಯಾಗಿರುವ ಸವಾರನ ಕೆಳಗೆ ಮೋಟಾರ್ ಬೇಯುತ್ತಿರುತ್ತದೆ. ಅದೇ ಗಾಡಿ 36 ಕಿಲೋಮೀಟರ್ ವೇಗಕ್ಕೆ ಬರುವಷ್ಟರಲ್ಲಿ ಬ್ಯಾಟರಿ ಕರೆಂಟ್ 40 ಆಂಪಿಯರ್ ಆಗಿರುತ್ತದೆ, ಬ್ಯಾಟರಿಯ ವೋಲ್ಟೇಜೂ ಅಲ್ಲಿಗೇ ಮುಗಿಯುತ್ತಾ ಬರುತ್ತದೆ. ಹೀಗಾಗಿ ಎರಡು ಮಿತಿ ಬೇಕು: ಮೋಟಾರ್ ಮತ್ತು ಮಾಸ್‌ಫೆಟ್ ಉಳಿಸಲು ಫೇಸಿನದು, ಬ್ಯಾಟರಿ ಮತ್ತು ಅದನ್ನು ಕಾಯುವ ಸರ್ಕ್ಯೂಟಾದ ಬಿಎಂಎಸ್ ಉಳಿಸಲು ಬ್ಯಾಟರಿಯದು. ಬ್ಯಾಟರಿ ಮಿತಿಯನ್ನು ಬಿಎಂಎಸ್ ಕಡಿಯುವ ಅಂಕಿಗಿಂತ ಚೆನ್ನಾಗಿ ಕೆಳಗಿಡಿ, ನಡುರಸ್ತೆಯಲ್ಲಿ ಗಾಡಿ ಸಾಯಬಾರದು.

ಕರೆಂಟ್ ಇಮ್ಮಡಿಯಾದರೆ ಬಿಸಿ ನಾಲ್ಕು ಪಟ್ಟು. ಇದೇ ಮೋಟಾರಿಗೆ 100 ಆಂಪಿಯರ್ ಕೊಟ್ಟರೆ ತಾಮ್ರದಲ್ಲೇ 1500 ವ್ಯಾಟ್, ಒಂದು ಇಸ್ತ್ರಿ ಪೆಟ್ಟಿಗೆಗಿಂತ ಹೆಚ್ಚು. ಸುರುಳಿಗೆ ತಾಗಿಸಿ 10 ಕಿಲೋಓಮ್‌ನ ಎನ್‌ಟಿಸಿ ತಾಪಮಾನ ಸೆನ್ಸರ್ ಕೂರಿಸಿ, 100 ಡಿಗ್ರಿಯಿಂದ ಟಾರ್ಕನ್ನು ಇಳಿಸುತ್ತಾ ಬಂದು 130ರಲ್ಲಿ ಸೊನ್ನೆ ಮಾಡಿ. ಮಾಸ್‌ಫೆಟ್ ಬೋರ್ಡಿಗೆ 80ರಿಂದ 100. ಒಮ್ಮೆಲೇ ಕಡಿಯದೆ ಇಳಿಜಾರಾಗಿ ಇಳಿಸಿದರೆ ಸವಾರನಿಗೆ ಸೂಚನೆ ತಾನಾಗಿ ಸಿಗುತ್ತದೆ. ಬ್ಯಾಟರಿ ಬರಿದಾಗುವಾಗಲೂ ಇದೇ ಕ್ರಮ.

ಹಂತ 10: ರೀಜೆನ್

ಕ್ಯೂ-ಕರೆಂಟನ್ನು ಋಣಕ್ಕೆ ಇಳಿಸಿದರೆ ಮೋಟಾರ್ ಜನರೇಟರ್ ಆಗುತ್ತದೆ. ಕೋಡಿನಲ್ಲಿ ಇದಕ್ಕಿಂತ ಸುಲಭದ ಕೆಲಸ ಇಲ್ಲ, ಬ್ಯಾಟರಿಯ ಕಡೆಯಿಂದ ನೋಡಿದರೆ ಇದಕ್ಕಿಂತ ಎಚ್ಚರ ಬೇಕಾದದ್ದೂ ಇಲ್ಲ. ನಗರದಲ್ಲಿ 40 ಕಿಲೋಮೀಟರ್ ವೇಗದಿಂದ ನಿಲ್ಲುವ ನಮ್ಮ ಗಾಡಿಯಲ್ಲಿರುವ ಚಲನಶಕ್ತಿ ಸುಮಾರು 3 ವ್ಯಾಟ್-ಅವರ್ ಅಷ್ಟೇ, ಅದರಿಂದ ರೇಂಜ್ ಎಷ್ಟೋ ಬೆಳೆಯುತ್ತದೆ ಎಂದು ನಂಬಬೇಕಿಲ್ಲ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಸೋಮೇಶ್ವರದ ಕಡೆಗೆ ಇಳಿಯುವುದು ಬೇರೆಯೇ ಲೆಕ್ಕ. 180 ಕಿಲೋ ತೂಕ 500 ಮೀಟರ್ ಕೆಳಗಿಳಿದರೆ 245 ವ್ಯಾಟ್-ಅವರ್. ಟೈರು, ಗಾಳಿ, ತಾಮ್ರ ತಮ್ಮ ಪಾಲು ತೆಗೆದುಕೊಂಡ ಮೇಲೂ ಉಳಿಯುವುದು ಸಣ್ಣದಲ್ಲ.

ಆದರೆ ಘಟ್ಟದ ಮೇಲೆಯೇ ಬ್ಯಾಟರಿ ಪೂರ್ತಿ ತುಂಬಿಕೊಂಡು ಇಳಿದರೆ ಆ ಶಕ್ತಿಗೆ ಜಾಗವಿಲ್ಲ. ಬಿಎಂಎಸ್ ಚಾರ್ಜಿಂಗ್ ದಾರಿ ಕಡಿಯುತ್ತದೆ, ಕರೆಂಟಿಗೆ ಹೋಗಲು ಕೆಪಾಸಿಟರ್ ಬಿಟ್ಟು ಬೇರೆ ಜಾಗ ಇರುವುದಿಲ್ಲ, ವೋಲ್ಟೇಜ್ ಮಿಲಿಸೆಕೆಂಡುಗಳಲ್ಲಿ ಏರುತ್ತದೆ. ಆದ್ದರಿಂದ 57 ವೋಲ್ಟಿನಿಂದ ರೀಜೆನ್ ಇಳಿಸುತ್ತಾ 58ಕ್ಕೆ ಸೊನ್ನೆ ಮಾಡಿ, ಚಾರ್ಜಿಂಗ್ ಕರೆಂಟನ್ನು ಸೆಲ್ ತಯಾರಕರು ಹೇಳಿದ ಮಿತಿಯೊಳಗಿಡಿ. ರೀಜೆನ್ ಹೀಗೆ ತಾನಾಗಿ ಮಾಯವಾಗುವುದರಿಂದ ಯಾಂತ್ರಿಕ ಬ್ರೇಕುಗಳು ಅದರ ನೆರವಿಲ್ಲದೆಯೇ ಪೂರ್ತಿ ಸಮರ್ಥವಾಗಿರಬೇಕು.

ಇದೇ ಜಾಗದಲ್ಲಿ ಫೀಲ್ಡ್ ವೀಕನಿಂಗ್ ಬಗ್ಗೆಯೂ ಹೇಳಿಬಿಡುತ್ತೇನೆ. ಡಿ-ಕರೆಂಟನ್ನು ಋಣಕ್ಕಿಳಿಸಿ ಮ್ಯಾಗ್ನೆಟ್ಟಿನ ಪ್ರಭಾವ ತಗ್ಗಿಸಿದರೆ ಗಾಡಿ ಇನ್ನಷ್ಟು ವೇಗ ಹಿಡಿಯುತ್ತದೆ. 60 ಕಿಲೋಮೀಟರ್ ವೇಗದಲ್ಲಿ ನಮ್ಮ ಮೋಟಾರ್ ಉತ್ಪಾದಿಸುವ ವೋಲ್ಟೇಜಿನ ತುದಿ 64. ಆ ಕ್ಷಣದಲ್ಲಿ ಕಂಟ್ರೋಲರ್ ಯಾವುದೋ ದೋಷಕ್ಕೆ ಕೈಬಿಟ್ಟರೆ ಮಾಸ್‌ಫೆಟ್‌ಗಳ ಒಳಗಿನ ಡಯೋಡ್‌ಗಳ ಮೂಲಕ ಅಷ್ಟೂ ಬ್ಯಾಟರಿ ಕಡೆಗೆ ನುಗ್ಗುತ್ತದೆ, ಹಿಂದಿನ ಚಕ್ರಕ್ಕೆ ಕೇಳದೇ ಬ್ರೇಕ್ ಬೀಳುತ್ತದೆ. ಬೋರ್ಡಿನ ಮೇಲೆ 63 ವೋಲ್ಟಿನ ಕೆಪಾಸಿಟರ್ ಇದ್ದರೆ ಅದರ ಗತಿ ಹೇಳಬೇಕಿಲ್ಲ. ಇಳಿಜಾರಿನಲ್ಲಿ ಫೀಲ್ಡ್ ವೀಕನಿಂಗ್ ಇಲ್ಲದೆಯೂ ಈ ವೇಗ ಮುಟ್ಟಬಹುದು, ಹಾಗಾಗಿ ಕೆಪಾಸಿಟರ್ ಮತ್ತು ಮಾಸ್‌ಫೆಟ್ ಎರಡೂ 100 ವೋಲ್ಟಿನವೇ ಇರಲಿ. ಹಬ್ ಮೋಟಾರಿಗೆ ಫೀಲ್ಡ್ ವೀಕನಿಂಗ್ ಹಾಕದಿರುವುದೇ ಮೇಲು.

ಹಂತ 11: ರಸ್ತೆಗೆ, ಮತ್ತು ಗಾಡಿ ಹೇಳುವ ದೂರುಗಳು

ಮೊದಲ ಓಟಕ್ಕೆ ಫೇಸ್ ಮಿತಿ 20 ಆಂಪಿಯರ್, ವೇಗದ ಮಿತಿ 15 ಕಿಲೋಮೀಟರ್, ಹೆಲ್ಮೆಟ್, ಕೈಗೆಟುಕುವ ಮುಖ್ಯ ಸ್ವಿಚ್, ಖಾಲಿ ಅಂಗಳ. ಡಿ, ಕ್ಯೂ, ಬ್ಯಾಟರಿ ವೋಲ್ಟೇಜ್, ಎರಡು ತಾಪಮಾನ, ಹಾಲ್ ದೋಷಗಳ ಎಣಿಕೆ, ಇಷ್ಟನ್ನು ದಾಖಲಿಸಿಕೊಳ್ಳಿ. ಅಂಕಿಗಳು ಸಮಾಧಾನ ಕೊಟ್ಟಂತೆ ಮಿತಿಗಳನ್ನು ಒಂದೊಂದೇ ಮೆಟ್ಟಿಲು ಏರಿಸಿ.

ಹೊರಡುವಾಗ ಚಕ್ರ ನಡುಗಿ ನಿಂತಲ್ಲೇ ಕರೆಂಟ್ ಎಳೆದರೆ ಹಾಲ್ ಕ್ರಮ ಮತ್ತು ಫೇಸ್ ಕ್ರಮ ಒಂದಕ್ಕೊಂದು ಉಲ್ಟಾ ಇವೆ. ಎರಡು ಫೇಸ್ ವೈರ್ ಅದಲುಬದಲು ಮಾಡಿ, ಹಂತ 7ನ್ನು ಮತ್ತೆ ಮಾಡಿ. ಒಂದು ದಿಕ್ಕಿನಲ್ಲಿ ಹಗುರ, ಇನ್ನೊಂದರಲ್ಲಿ ಭಾರ ಎನಿಸಿದರೆ ಕೋನ ಕೆಲವು ಡಿಗ್ರಿ ಜಾರಿದೆ. ವೇಗ ಹೆಚ್ಚಿದಂತೆ ಡಿ-ಕರೆಂಟ್ ಸೊನ್ನೆ ಬಿಟ್ಟು ಅಲೆದರೆ ಕೋನದ ಲೆಕ್ಕಕ್ಕೂ ಪಿಡಬ್ಲ್ಯುಎಂ (ಮಾಸ್‌ಫೆಟ್‌ಗಳ ಸ್ವಿಚಿಂಗ್ ಸಿಗ್ನಲ್) ಹೊರಬೀಳುವುದಕ್ಕೂ ನಡುವಿನ ತಡವನ್ನು ಸರಿದೂಗಿಸಿಲ್ಲ: ಸಾಮಾನ್ಯವಾಗಿ ಒಂದೂವರೆ ಸ್ವಿಚಿಂಗ್ ಅವಧಿಯಷ್ಟು ಮುಂದಿನ ಕೋನವನ್ನು ಬಳಸಿದರೆ ಸರಿಹೋಗುತ್ತದೆ. ಮಳೆಯಲ್ಲಿ ಮಾತ್ರ ಜರ್ಕ್ ಹೊಡೆದರೆ ಹಾಲ್ ಕನೆಕ್ಟರ್ ಬಿಚ್ಚಿ ಒಣಗಿಸಿ ಗ್ರೀಸ್ ಹಾಕಿ. ಬ್ಯಾಟರಿ ಕಿತ್ತಿಟ್ಟಾಗಲೂ ಚಕ್ರ ಕೈಯಲ್ಲಿ ತಿರುಗಿಸಲು ಬಿಗಿಯಾಗಿದ್ದರೆ ಫೇಸ್ ವೈರ್‌ಗಳನ್ನು ಕಂಟ್ರೋಲರಿನಿಂದ ಬಿಚ್ಚಿ ನೋಡಿ. ಆಗ ಹಗುರಾದರೆ ಮಾಸ್‌ಫೆಟ್ ಶಾರ್ಟ್ ಆಗಿದೆ. ಬಿಚ್ಚಿದ ಮೇಲೂ ಬಿಗಿಯೇ ಇದ್ದರೆ ಆ್ಯಕ್ಸಲ್ ಬಳಿ ಫೇಸ್ ವೈರ್‌ಗಳ ಹೊದಿಕೆ ಉಜ್ಜಿ ಹೋಗಿ ಒಂದಕ್ಕೊಂದು ತಾಗಿರುವ ಸಂಭವ ಹೆಚ್ಚು, ಮೊದಲು ಟಾರ್ಕ್ ವಾಷರ್ ಜಾಗದಲ್ಲಿದೆಯೇ ನೋಡಿ.